ಮೂರು ಸಾವಿರದ ನಾನೂರ ಹನ್ನೆರಡು

ಯಜಮಾನರು ಬಾಯ್ಲರ್ ಮೇಲ್ವಿಚಾರಕರಾಗಿ ನಿವೃತ್ತರಾಗಿದ್ದರು. ಬಾಯ್ಲರ್ ಮಾತ್ರ ಅವರ ತಲೆಯಿಂದ ನಿವೃತ್ತವಾಗಿರಲಿಲ್ಲ. ಮನೆಗೆ ಇಸ್ತ್ರಿಪೆಟ್ಟಿಗೆ ಬರಲಿ, ನೀರಿನ ಹೀಟರ್ ಬರಲಿ, ಅದರ ಮೇಲಿನ ಪಟ್ಟಿ ಓದಿ, ವಿದ್ಯುತ್ತಿನ ಕಿಲೋವ್ಯಾಟನ್ನು ಶಾಖದ ಬಿಟಿಯುಗೆ ತಿರುಗಿಸಿದ ಮೇಲೆಯೇ ಪ್ಲಗ್ಗು ಹಾಕಲು ಅಪ್ಪಣೆ. ಒಂದು ಕಿಲೋವ್ಯಾಟ್ ಎಂದರೆ ಗಂಟೆಗೆ ಮೂರು ಸಾವಿರದ ನಾನೂರ ಹನ್ನೆರಡು ಬಿಟಿಯು ಬಿಸಿ. ಇದನ್ನು ಅವರು ಮಗಳಿಗೆ ಮಗ್ಗಿಗಿಂತ ಮೊದಲು ಬಾಯಿಪಾಠ ಮಾಡಿಸಿದ್ದರು. ಹೆಂಡತಿ ಮಾತ್ರ ಕಲಿಯಲಿಲ್ಲ. ನೀರು ಕಾದಿದೆಯೋ ಇಲ್ಲವೋ ಬೆರಳದ್ದಿದರೆ ತಿಳಿಯುತ್ತದೆ ಎಂಬುದು ಆಕೆಯ ಪಕ್ಷ.

ಅಂಥವರ ಮಗಳು ಹೋಗಿ ಹೋಗಿ ಏಸಿ ರಿಪೇರಿಯವನನ್ನು ಮೆಚ್ಚಿದಳು. ಯಜಮಾನರಿಗೆ ಮೈಯೆಲ್ಲ ಉರಿಯಿತು. ಜೀವಮಾನವಿಡೀ ಬಿಸಿ ಹುಟ್ಟಿಸಿದವನಿಗೆ ತಂಪು ಮಾಡುವವನು ಅಳಿಯನೇ? ಆದರೂ ಒಬ್ಬಳೇ ಮಗಳು. ಮೊದಲು ನಮ್ಮ ಮನೆಗೊಂದು ಏಸಿ ಕೂರಿಸಲಿ, ಕೆಲಸ ನೋಡಿ ಮದುವೆಯ ಮಾತು ಎಂದರು.

ಹುಡುಗ ಬಂದ. ಗೋಡೆ ಕೊರೆದ, ಒಳಗೊಂದು ಹೊರಗೊಂದು ಪೆಟ್ಟಿಗೆ ಕೂರಿಸಿದ, ಬಿದ್ದ ಸಿಮೆಂಟಿನ ಪುಡಿಯನ್ನು ತಾನೇ ಗುಡಿಸಿದ. ಹೆಂಡತಿ ಅಲ್ಲೇ ಕರಗಿ ನೀರಾದಳು. ಯಜಮಾನರು ಕನ್ನಡಕ ಏರಿಸಿ ಪಟ್ಟಿ ಓದಿದರು. ತಂಪು, ಹನ್ನೆರಡು ಸಾವಿರ ಬಿಟಿಯು. ಎಳೆಯುವ ವಿದ್ಯುತ್ತು, ಒಂದು ಕಿಲೋವ್ಯಾಟ್. ಅವರ ಮುಖ ಅರಳಿತು. ಕಳ್ಳ ಸಿಕ್ಕಿಬಿದ್ದಿದ್ದ.

“ಏನಪ್ಪಾ, ಒಳಗೆ ಹೋಗೋ ಕರೆಂಟು ಮೂರು ಸಾವಿರದ ಚಿಲ್ಲರೆ ಬಿಟಿಯು. ಹನ್ನೆರಡು ಸಾವಿರ ಎಲ್ಲಿಂದ ಬಂತು? ನಿಮ್ಮಪ್ಪನ ಮನೆಯಿಂದ ತಂದ್ಯಾ?”

ಹುಡುಗ ತಾನೂ ಪಟ್ಟಿಯನ್ನೊಮ್ಮೆ ಓದಿದ. “ಅದು... ಹಾಗೇ ಬರುತ್ತೆ ಸಾರ್.”

“ಹಾಗೇ ಬರುತ್ತಂತೆ! ಸುಳ್ಳನ್ನೂ ನೆಟ್ಟಗೆ ಹೇಳೋಕೆ ಬರಲ್ಲ ಇವನಿಗೆ. ಈ ಮದುವೆ ಆಗಲ್ಲ.”

ಮಗಳ ಕಣ್ಣು ತುಂಬಿತು. ಎಷ್ಟು ಸಲ ಗುಣಿಸಿದರೂ ಅಪ್ಪನ ಲೆಕ್ಕವೇ ಬರುತ್ತಿತ್ತು, ಪಾಪ. ಅಷ್ಟರಲ್ಲಿ ಕೋಣೆ ತಣ್ಣಗಾಗಿ ಯಜಮಾನರಿಗೇ ಸೀನು ಬಂತು. ಉಳಿದ ಮೋಸವನ್ನೂ ಹಿಡಿದೇ ತೀರುತ್ತೇನೆಂದು ಅವರು ಹಿತ್ತಿಲಿಗೆ ಹೋಗಿ ಹೊರಪೆಟ್ಟಿಗೆಯ ಎದುರು ಅಂಗೈ ಹಿಡಿದರು. ಬಿಸಿಗಾಳಿ ರಪ್ಪೆಂದು ಬಡಿಯಿತು. ಬಾಯ್ಲರ್ ಪಳಗಿಸಿದ ಕೈ ಅದು. ಇಷ್ಟು ಬಿಸಿ ಒಂದು ಕಿಲೋವ್ಯಾಟಿಗೆ ಹುಟ್ಟುವುದಲ್ಲ ಎಂದು ಅದಕ್ಕೆ ತಕ್ಷಣ ತಿಳಿಯಿತು.

“ಮನೆಯೊಳಗಿನ ಸೆಕೆ ಅಲ್ವೇನ್ರೀ ಇದು?” ಹಿಂದೆಯೇ ಬಂದಿದ್ದ ಹೆಂಡತಿ ಕೇಳಿದಳು. “ಹಮಾಲಿ ಒಂದು ಲೋಟ ಟೀ ಕುಡಿದು ಕಬ್ಬಿಣದ ಬೀರು ಹೊತ್ತುಬಿಡ್ತಾನೆ. ಟೀ ಎಷ್ಟು ತೂಕ, ಬೀರು ಎಷ್ಟು ತೂಕ ಅಂತ ಅವನ ಜೊತೆ ಜಗಳ ಆಡ್ತೀರಾ?”

ಯಜಮಾನರು ಅಂಗೈಯನ್ನು ಮತ್ತೊಮ್ಮೆ ಬಿಸಿಗಾಳಿಗೆ ಒಡ್ಡಿದರು. ಬಿಸಿ ಹುಟ್ಟಿಸುವುದೇ ಬೇರೆ, ಇದ್ದ ಬಿಸಿಯನ್ನು ಹೊತ್ತು ಹೊರಗೆ ಹಾಕುವುದೇ ಬೇರೆ. ಬೆಂಕಿಯ ಮುಂದೆ ತಲೆ ನೆರೆತರೂ ಇದು ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಬೇಡವೆನ್ನಲು ಇನ್ನು ಒಂದು ನೆಪವೂ ಉಳಿಯಲಿಲ್ಲವೆಂದು ಎದೆ ಭಾರವಾಯಿತು.

ಒಳಗೆ ಹುಡುಗ ತಲೆ ತಗ್ಗಿಸಿ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬುತ್ತಿದ್ದ.

“ಲೆಕ್ಕ ಸರಿಯಾಗಿದೆ,” ಎಂದರು ಯಜಮಾನರು, ಗೋಡೆ ನೋಡುತ್ತ. “ಈ ಮನೆಯಿಂದ ಸಾಗಿಸೋದ್ರಲ್ಲಿ ನೀನು ಗಟ್ಟಿಗ ಕಣಯ್ಯಾ. ಸೆಕೆ ಆಯ್ತು, ಇನ್ನು ಮಗಳು.”

ಮಗಳು ಅಳುವುದೋ ನಗುವುದೋ ತಿಳಿಯದೆ ಅಪ್ಪನ ತೋಳು ಹಿಡಿದಳು. ಅವರು ಹುಡುಗನತ್ತ ತಿರುಗಿದರು.

“ಸೆಕೆ ವಾಪಸ್ ಬರದಿದ್ರೆ ಪರವಾಗಿಲ್ಲ. ಇವಳು ಆಗಾಗ ಬರ್ತಿರಬೇಕು.”