‘ದೋಷವಿಲ್ಲ’ ಎಂದ ಕಾಗದ

ಸ್ಕ್ಯಾನಿಂಗ್ ವರದಿಯಲ್ಲಿ ಯಾವ ದೋಷವೂ ಇಲ್ಲ ಎಂದು ಬಂದ ದಿನವೇ ನನ್ನ ಗಂಡ ನನ್ನನ್ನು ಅನುಮಾನದಿಂದ ನೋಡಲು ಶುರುಮಾಡಿದ್ದು. ಮದುವೆಯಾಗಿ ಏಳು ತಿಂಗಳು. ಒಂದು ಸಲವೂ ನೋವಿಲ್ಲದೆ ನಾವು ಕೂಡಿದ್ದಿಲ್ಲ. ಹಸಿ ಗಾಯಕ್ಕೆ ಉಪ್ಪು ಸವರಿದಂಥ ಉರಿ. ಡೈರಿಯಲ್ಲಿ ಬರೆಯಲೂ ನಾಚಿಕೆ. ‘ಇವತ್ತೂ ಹಾಗೇ ಆಯಿತು’ ಎಂದಷ್ಟೇ ಬರೆಯುತ್ತಿದ್ದೆ.

ಅವರು ಲಿಫ್ಟ್ ಮೆಕ್ಯಾನಿಕ್. ತಪಾಸಣೆಯ ಹಾಳೆಯಲ್ಲಿ ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಸಹಿ ಹಾಕಿದರೆ ಆ ದೂರು ಅವರ ಪಾಲಿಗೆ ಸತ್ತಂತೆ. ಆಮೇಲೂ ಫೋನ್ ಮಾಡುವವರು ತಲೆಹರಟೆಗಳು. ನನ್ನ ವರದಿಯನ್ನು ಎರಡು ಸಲ ಓದಿ ಮಡಚಿದರು.

“ಎಲ್ಲ ಸರಿಯಾಗಿದ್ಯಂತಲ್ಲ. ಮತ್ತೆ ನೋವು ಎಲ್ಲಿಂದ ಬರುತ್ತೆ?”

“ಗೊತ್ತಿಲ್ಲ.”

“ಕಾಲೇಜಲ್ಲಿ ಯಾರಾದ್ರೂ ಇದ್ರಾ? ಇದ್ರೆ ಹೇಳ್ಬಿಡು, ಕೂಗಾಡಲ್ಲ.”

ಮೂರು ವರ್ಷ ಕಾಲೇಜಿನಲ್ಲಿ ಕಿಟಕಿ ಪಕ್ಕದ ಬೆಂಚೊಂದನ್ನು ಬಿಟ್ಟು ಬೇರೆ ಯಾರನ್ನೂ ಹಚ್ಚಿಕೊಂಡವಳಲ್ಲ ನಾನು. ಅದನ್ನು ಹೇಳುವ ಬದಲು ಅವರ ಕೈಯಿಂದ ವರದಿ ತೆಗೆದು ಡ್ರಾಯರಿನಲ್ಲಿಟ್ಟೆ. ಅದನ್ನೇ ಅವರು ‘ಹೌದು’ ಎಂದುಕೊಂಡರು.

ಮರುದಿನ ಡೈರಿ ಡ್ರಾಯರಿನಲ್ಲಿ ತಲೆಕೆಳಗಾಗಿ ಮಲಗಿತ್ತು. ನಾನು ಹಾಗೆ ಇಡುವವಳಲ್ಲ. ಅಡುಗೆಮನೆಯಲ್ಲಿ ನಾದಿನಿ ಕೆಣಕಿದಳು: “ಏನತ್ತಿಗೆ, ಅಣ್ಣ ಮುಖ ಊದಿಸ್ಕೊಂಡಿದ್ದಾನೆ? ಅವನ ಸ್ಪ್ಯಾನರ್ ಬಚ್ಚಿಟ್ರಾ?” ನಕ್ಕೆ. ಇವಳಿಗೂ ಗೊತ್ತಿರಬಹುದೇ ಎಂದು ಅವಳ ಕಣ್ಣನ್ನೇ ನೋಡಿದೆ. ಕೊನೆಗೆ ನನ್ನ ಮೇಲೇ ನನಗೆ ಗುಮಾನಿ. ನಿಜಕ್ಕೂ ನನಗೆ ಇವರು ಬೇಡವೇ? ಹಾಗಿದ್ದರೆ ಸಂಜೆ ಗೇಟಿನ ಸದ್ದಾದಾಗ ಎದೆ ಹಗುರಾಗುವುದೇಕೆ?

ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ ಎಂದೆ. “ಈ ಸಲ ನಾನೂ ಒಳಗೆ ಬರ್ತೀನಿ. ನನ್ನ ಕಿವಿಯಿಂದಲೇ ಕೇಳ್ಬೇಕು” ಎಂದರು.

ಡಾಕ್ಟರಮ್ಮ ಕನ್ನಡಕವನ್ನು ಹಣೆಗೇರಿಸಿಕೊಂಡ ವಯಸ್ಸಾದವರು. ಮೊದಲು ನನ್ನೊಬ್ಬಳನ್ನೇ ಕೂರಿಸಿಕೊಂಡರು. ನೋವು ಶುರುವಿನಲ್ಲೋ, ಒಳಗೆ ಆಳದಲ್ಲೋ? ಉರಿಯೋ, ಚುಚ್ಚುವುದೋ? ಯಾರಾದರೂ ಬಲವಂತ ಮಾಡಿದ್ದರೇ? ಇಷ್ಟು ಪ್ರಶ್ನೆಗಳಿವೆ ಎಂದೇ ನನಗೆ ತಿಳಿದಿರಲಿಲ್ಲ. ಈ ಡಾಕ್ಟರು ಯಾರ ಕಡೆಯವರೋ ಎಂದುಕೊಂಡೇ ಅಳೆದೂ ಸುರಿದೂ ಉತ್ತರಿಸಿದೆ.

“ಹತ್ತಿ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡ್ತೀನಿ. ಬೇಡ ಅಂದ ತಕ್ಷಣ ನಿಲ್ಲಿಸ್ತೀನಿ, ಆಯ್ತಾ?”

ಒಂದು ಕಡೆ ಸೋಕಿದ್ದೇ ತಡ, ಬೆಚ್ಚಿ ಮೇಲಕ್ಕೆ ಸರಿದೆ.

“ಇದೆ,” ಎಂದರು. “ಇದು ಸ್ಕ್ಯಾನಲ್ಲಿ ಕಾಣಲ್ಲ ತಾಯಿ.”

ಆಮೇಲೆ ನನ್ನ ಗಂಡನನ್ನು ಒಳಗೆ ಕರೆದರು. ಇವರು ಕೇಳಿದ ಮೊದಲ ಮಾತೇ, “ಕಾಗದದಲ್ಲಿ ಬರ್ದುಕೊಡ್ತೀರಾ?”

“ಕಾಗದ ಯಾಕಪ್ಪ? ಪಕ್ಕದಲ್ಲೇ ಕೂತಿದ್ದಾಳಲ್ಲ, ಅವಳನ್ನ ಕೇಳು.” ಆಮೇಲೆ ಬಿಡಿಸಿ ಹೇಳಿದರು: “ಅಲ್ಲಿ ಚರ್ಮಕ್ಕೆ ಉರಿ ಇದೆ. ಉರಿಗೆ ಹೆದರಿ ಒಳಗಿನ ಸ್ನಾಯು ಬಿಗಿಯುತ್ತೆ. ಕಣ್ಣಿಗೆ ಧೂಳು ಹಾರಿದ್ರೆ ರೆಪ್ಪೆ ಮುಚ್ಚಲ್ವಾ, ಹಾಗೆ. ಬೇಕು ಅಂತ ಮಾಡೋದಲ್ಲ. ಕ್ರೀಮ್ ಕೊಡ್ತೀನಿ. ಸ್ನಾಯು ಸಡಿಲ ಬಿಡೋದನ್ನ ಫಿಸಿಯೋಥೆರಪಿಸ್ಟ್ ಕಲಿಸ್ತಾರೆ. ತಿಂಗಳುಗಳೇ ಹಿಡೀಬಹುದು. ಅಲ್ಲಿವರೆಗೆ ಕೂಡೋದು ಬೇಡ. ಸಹಿಸ್ಕೊಂಡಷ್ಟೂ ಜಾಸ್ತಿ ಆಗುತ್ತೆ.”

ಹೊರಗೆ ಬಂದ ಮೇಲೆ ಇವರು ಗೊಣಗಿದರು: “ಹೆಂಗಸರಿಬ್ಬರೂ ಒಂದಾದ್ರಿ.”

ಯಾವತ್ತೂ ಎದುರಾಡದ ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ. “ನಾನು ಏಳು ತಿಂಗಳು ಸುಳ್ಳು ಹೇಳಿದೆ ಅಂತೀರಾ?”

ಅವರು ನಾಲ್ಕು ಮೆಟ್ಟಿಲು ಇಳಿದು, ತಿರುಗಿ ನೋಡದೆಯೇ ಹೇಳಿದರು. “ನಾವು ಲಿಫ್ಟನ್ನ ಖಾಲಿ ಓಡಿಸಿ ನೋಡಿ ಸಹಿ ಹಾಕ್ತೀವಿ. ಜನ ತುಂಬಿದಾಗ ಮಾತ್ರ ಬರೋ ಸದ್ದು ಹಾಗೆ ಓಡಿಸಿದ್ರೆ ಕೇಳಲ್ಲ. ಗೊತ್ತಿದ್ರೂ ‘ದೋಷ ಇಲ್ಲ’ ಅಂತ ಬರೀತೀವಿ.”

ಕ್ಷಮೆಯೋ, ನನ್ನನ್ನು ಸುಮ್ಮನಾಗಿಸುವ ಉಪಾಯವೋ? ನನಗೆ ನಂಬಿಕೆ ಬರಲಿಲ್ಲ.

ಐದು ವಾರ ಕಳೆದವು. ಒಂದು ಭಾನುವಾರ ಮಧ್ಯಾಹ್ನ ಅವರ ಕೈ ನನ್ನ ಸೊಂಟದ ಮೇಲೆ ಬಂತು. ಮೈ ಬಿಗಿಯಿತು.

“ಬೇಡ. ಇನ್ನೂ ಉರಿ ಇದೆ.”

“ಸರಿ.” ಕೈ ತೆಗೆದರು.

“ಸರಿ ಅಂದ್ರೆ?”

“ಸರಿ ಅಂದ್ರೆ ಸರಿ. ಹಾಗೆ ಪೊಲೀಸ್ ಥರ ನೋಡ್ಬೇಡ, ಮಲಗು.”

ಮುನಿಸು ಎಲ್ಲಾದರೂ ಅಡಗಿದೆಯೇ ಎಂದು ಅರೆಗಣ್ಣಿನಲ್ಲಿ ಕಾದೆ. ಸ್ವಲ್ಪ ಹೊತ್ತಿಗೆ ಬಾಯಿ ತೆರೆದುಕೊಂಡು ಗೊರಕೆ ಹೊಡೆಯತೊಡಗಿದರು. ಆಮೇಲೆ ನಾನೂ ಮಡಚಿಕೊಂಡಿದ್ದ ಕಾಲುಗಳನ್ನು ನಿಧಾನವಾಗಿ ಚಾಚಿದೆ.