ಬೇಲಿಯ ಬುಡದ ಮಣ್ಣು

ಮೂರು ತಿಂಗಳಿಂದ ದಿನಾ ಬೆಳಿಗ್ಗೆ ನರಸೀಪುರದಿಂದ ಬಸ್ಸಿನಲ್ಲಿ ಬಂದು, ಬಿಳಿಗೆರೆ ಕಡೆಯ ಗಾಳಿಯಂತ್ರಗಳ ಕೆಳಗೆ, ರೆಕ್ಕೆಗೆ ಬಡಿದು ಸತ್ತ ಬಾವಲಿಗಳನ್ನು ಹುಡುಕುತ್ತಿದ್ದೆ. ಒಂದೂ ಸಿಗಲಿಲ್ಲ. ಸಿಕ್ಕಿದ್ದರೆ, ಬಾವಲಿ ಹಾರುವ ಹೊತ್ತಿನಲ್ಲಾದರೂ ಯಂತ್ರ ನಿಲ್ಲಿಸಿ ಎಂದು ಕಂಪನಿಗೆ ಹೇಳಬಹುದಿತ್ತು. ಬಾವಲಿಗಳಿಗೆ ಇಲ್ಲಿ ಅಪಾಯವಿಲ್ಲವೆಂದು ನಿನ್ನೆ ಕೊನೆಯ ವರದಿಗೆ ಸಹಿ ಹಾಕಿ ಕಳಿಸಿದೆ.

ಇವತ್ತು, ಹುಡುಕುವ ಜಾಗದ ಸುತ್ತ ನೆಟ್ಟಿದ್ದ ನನ್ನ ಗುರುತಿನ ಗೂಟಗಳನ್ನು ಕಿತ್ತುಕೊಳ್ಳಲು ಎಂದಿಗಿಂತ ಬೇಗ ಹೋದೆ. ದಿನಾ ನನಗೆ ಮಜ್ಜಿಗೆ ಕೊಡುತ್ತಿದ್ದ ಪಕ್ಕದ ಹೊಲದ ಕೆಂಪಾಜಮ್ಮ ಬೇಲಿಯ ಬುಡದಲ್ಲಿ ಕುಡುಗೋಲಿನಿಂದ ಮಣ್ಣು ಕೆದಕುತ್ತಿದ್ದರು. ಪಕ್ಕದಲ್ಲಿ, ಮುತ್ತುಗದ ಎಲೆಯ ಮೇಲೆ, ಅರಿಸಿನ ಹಚ್ಚಿದ ಒಂದು ಬಾವಲಿ.

"ಏನವ್ವ ಇದು?"

"ನಮ್ಮೂರ ಆಲದ ಮರದ್ದು ಕಣವ್ವ. ಊರಮ್ಮನ ಮಕ್ಳು ಅಂತೀವಿ. ಇವು ಎದರ್ಕತವೆ ಅಂತ ದೀಪಾವಳೀಲೂ ಪಟಾಕಿ ಒಡಿಯಾಕಿಲ್ಲ ನಾವು. ಈ ಯಂತ್ರಕ್ಕೆ ಬಡ್ದು ಬಿದ್ದಿರೋವ್ನ ನಾಯಿ ಎಳ್ದಾಡೋದ ನೋಡಕ್ಕಾಯ್ತದಾ? ಅದ್ಕೆ ಬೆಳಕರಿಯೋ ಒತ್ಗೇ ಬಂದು ಮಣ್ಣು ಮಾಡ್ಬುಡ್ತೀನಿ."

ಬೇಲಿಯುದ್ದಕ್ಕೂ ಪುಟ್ಟ ಪುಟ್ಟ ಮಣ್ಣಿನ ಗುಡ್ಡೆಗಳಿದ್ದವು. ಹೆಗ್ಗಣ ತೋಡಿದ್ದೆಂದು ಮೂರು ತಿಂಗಳು ಅವುಗಳನ್ನೇ ದಾಟಿಕೊಂಡು ಓಡಾಡಿದ್ದೆ.

"ನಾನು ಇವನ್ನೇ ಹುಡುಕ್ತಿದ್ದೆ! ಒಂದು ದಿನವಾದ್ರೂ ಹೇಳಬಾರದಿತ್ತಾ?" ರೇಗಿದೆ.

ಕೆಂಪಾಜಮ್ಮ ತಲೆಯೆತ್ತಿ ನನ್ನನ್ನೇ ನೋಡಿದರು.

"ಏನೋ ಕಳ್ಕೊಂಡೋಳಂಗೆ ದಿನಾ ತಿರುಗ್ತಿದ್ದೆ. ಮಜ್ಜಿಗೆ ಕುಡ್ದು ಓಯ್ತಿದ್ದೆ. ನೀನು ಒಂದ್ ಮಾತ್ ಕೇಳಿದ್ಯಾ ಮಗ?"