ತಪ್ಪಾತು ಅನ್ನುವ ಮಾತು

“ಲೇ ಸುಂಕವ್ವ, ನಿಮ್ಮ ಚೆಂಚರ ಬುದ್ಧಿ ಸಾಲಿಗೆ ಬಂದ್ರ ಬಿಡ್ತೈತೇನು? ಆ ಕಳ್ಳ ಮುಂಡಿ ಚೀಲ ಸುರುವು, ಮೈ ತಡವಿ ನೋಡು!”

ಶಾಲೆಯ ಅಂಗಳದಲ್ಲಿ ನಿಂತು ಅರಚಿದವನು ಊರ ಗೌಡ ಚಿದಾನಂದಪ್ಪ. ಅವನ ಮೊಮ್ಮಗಳ ಬಂಗಾರದ ಸರ ಕಾಣೆಯಾಗಿತ್ತು. ಎದುರಿಗೆ ನಿಂತಿದ್ದವಳು ಏಳನೇ ತರಗತಿಯ ಜ್ಯೋತಿಲಕ್ಷ್ಮಿ, ಊರಾಚೆಯ ಅಲೆಮಾರಿ ಚೆಂಚರ ಗುಡಿಸಲುಗಳ ಹುಡುಗಿ.

ಸುಂಕಮ್ಮ ಟೀಚರೂ ಅದೇ ಗುಡಿಸಲುಗಳಲ್ಲಿ ಹುಟ್ಟಿದವಳು. ಕುರುಗೋಡು ಸೀಮೆಯ ಚೆಂಚರಲ್ಲಿ ಸೀಮೆಸುಣ್ಣ ಹಿಡಿದ ಮೊದಲ ಹೆಂಗಸು. ಇಪ್ಪತ್ತಾರು ವರ್ಷ ಗುಡಿಸಲು ಗುಡಿಸಲು ತಿರುಗಿ ಮಕ್ಕಳನ್ನು ಎಬ್ಬಿಸಿ ತಂದಿದ್ದಳು. ಅವರ ತೆಲುಗು ಬೆರೆತ ಮಾತಿನಲ್ಲೇ ಮೊದಲು ಕಥೆ ಹೇಳಿಸಿ, ಆಮೇಲೆ ಕನ್ನಡ ಅಕ್ಷರ ತಿದ್ದಿಸಿದ್ದಳು. ಊರ ಮಕ್ಕಳ ಪಕ್ಕ ಅವರನ್ನು ಉಣ್ಣಲು ಕೂರಿಸುವುದಕ್ಕೇ ಹನ್ನೊಂದು ವರ್ಷ ಹಿಡಿದಿತ್ತು. ಈಗ ಎದುರಾಡಿದರೆ ಆ ಪಂಕ್ತಿ ಮುರಿದೀತೆಂದು ಹೆದರಿದಳು. ಚೀಲ ಸುರುವಿದಳು. ಮೈ ತಡವಿದಳು. ಹುಡುಗಿ ಅಳಲಿಲ್ಲ, ಟೀಚರ ಮುಖವನ್ನೇ ನೋಡುತ್ತ ನಿಂತಳು.

ಸಂಜೆ ಸರ ಗೌಡನ ಮನೆಯ ಬಚ್ಚಲಲ್ಲೇ ಸಿಕ್ಕಿತು. ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ. ವಾರದೊಳಗೆ ಅವಳ ತಾಯಿ ಗುಡಿಸಲು ಕಿತ್ತುಕೊಂಡು ಬಳ್ಳಾರಿ ಸೇರಿದಳು.

ಸುಂಕಮ್ಮ ಗೌಡನ ಬಾಗಿಲಿಗೆ ಹೋದಳು. “ಯಪ್ಪಾ, ಆ ಕೂಸನ್ನ ಕರಸ್ತೀನಿ, ಅದರ ಮುಂದ ಒಂದ್ಸಲ ತಪ್ಪಾತು ಅನ್ರಿ. ಊರೂ ಗುಡಿಸ್ಲೂ ಒಂದಾಗ್ತಾವ.”

“ನಾನು? ಚೆಂಚರ ಹುಡುಗಿಗೆ? ನಡಿಯಲೇ ಹೊರಗ!”

ಮೂರು ವರ್ಷದ ಮೇಲೆ ಅವಳು ನಿವೃತ್ತಳಾದಳು. ಅದೇ ಅಂಗಳದಲ್ಲಿ ಶಾಮಿಯಾನ ಹಾಕಿದರು. ಚಿದಾನಂದಪ್ಪನೇ ಶಾಲು ಹೊದಿಸಿ, “ಊರನ್ನೂ ಗುಡಿಸಲನ್ನೂ ಕೂಡಿಸಿದ ಮಹಾತಾಯಿ” ಎಂದ. ಚಪ್ಪಾಳೆ ಬಿದ್ದವು. ಸುಂಕಮ್ಮ ಮೈಕು ಹಿಡಿದಳು.

“ನಾನೇನೂ ಕೂಡ್ಸಿಲ್ರಿ. ಏನೂ ಕದೀದ ಕೂಸಿನ ಮೈ ಈ ಕೈಲೇ ತಡವೀನಿ. ತಡವು ಅಂದಾವ್ರು ಇಲ್ಲೇ ಅದಾರ. ಜ್ಯೋತಿಲಕ್ಷ್ಮಿ ಹೆಸ್ರು ಹೇಳಿ ತಪ್ಪಾತು ಅನ್ರಿ ಗೌಡ್ರ, ಈ ಶಾಲು ಹೊತ್ಗೊಂಡು ಹೋಗ್ತೀನಿ.”

“ತಿರಕೊಂಡು ತಿನ್ನೋ ಜಾತಿಗೆ ಶಾಲು ಹೊದಿಸಿದ್ದೇ ನಮ್ಮ ತಪ್ಪು!”

ಸುಂಕಮ್ಮ ಶಾಲು ತೆಗೆದು ಕುರ್ಚಿಯ ಮೇಲಿಟ್ಟು ಇಳಿದಳು. ಗುಡಿಸಲ ಜನರೂ ತಲೆ ಎತ್ತಲಿಲ್ಲ. ಬೆಳಗಾದರೆ ಅವರು ಗೌಡನ ಗದ್ದೆಗೇ ಇಳಿಯಬೇಕಿತ್ತು.

ಮರುದಿನ ಅವಳು ಬಳ್ಳಾರಿಯ ಬಸ್ಸು ಹತ್ತಿದಳು. ಕೌಲ್ ಬಜಾರಿನ ಒಂದು ಗಲ್ಲಿಯಲ್ಲಿ, ತಗಡಿನ ಮನೆಯ ಮುಂದೆ ಜ್ಯೋತಿಲಕ್ಷ್ಮಿ ಕುಳಿತಿದ್ದಳು. ಮನೆ ಮನೆ ತಿರುಗಿ ಪಾತ್ರೆ ಕೊಟ್ಟು ಪಡೆದ ತಲೆಗೂದಲಿನ ಸಿಕ್ಕು ಬಿಡಿಸುತ್ತಿದ್ದಳು. ಸುಂಕಮ್ಮ ಅವಳೆದುರು ನೆಲಕ್ಕೆ ಕುಳಿತು, ತಮ್ಮ ಮನೆಮಾತಿನಲ್ಲೇ, “ತಪ್ಪಾಯೆ ಬಿಡ್ಡಾ” ಎಂದಳು.

ಹುಡುಗಿಯ ಕೈ ನಿಲ್ಲಲಿಲ್ಲ. “ಗೌಡ ಅಂದ್ನೇನ್ರಿ?” ಎಂದು ಕನ್ನಡದಲ್ಲಿ ಕೇಳಿದಳು.

“ಇಲ್ಲವ್ವ.”

“ಮತ್ತ ನೀವ್ಯಾಕ ಅಂತೀರಿ?”

“ಕೈ ನಂದಲ್ಲೇನವ್ವ?”

ಜ್ಯೋತಿಲಕ್ಷ್ಮಿ ಕೂದಲ ಗಂಟು ಕಟ್ಟಿಟ್ಟಳು. ಎದ್ದು ಪಾತ್ರೆಯ ಬುಟ್ಟಿ ತಲೆಗಿಟ್ಟು, “ಕೂದ್ಲಿಗೆ ಪಾತ್ರೀ...” ಎಂದು ಕೂಗುತ್ತ ಬಿಸಿಲಿಗೆ ಇಳಿದಳು. ನಾಲ್ಕು ಮಾರು ಹಿಂದೆ ಸುಂಕಮ್ಮ ನಡೆದಳು. ಹುಡುಗಿ ತಿರುಗಿ ನೋಡಲಿಲ್ಲ. ಸುಂಕಮ್ಮ ನಿಲ್ಲಲಿಲ್ಲ.